ರೂಟ್ ಕೆನಾಲ್ ಆದ ಮುಂದಿನ ಹಲ್ಲಿಗೆ ಫೈಬರ್ ಕ್ಯಾಪ್ ತಡೆಯುತ್ತಾ?

ಪ್ರಶ್ನೆ: ಮೇಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆ ಡಾಕ್ಟ್ರೇ. ಒಳಗೆ ಫೈಬರ್ ಇಟ್ಟು, ಹಲ್ಲಿನ ಬಣ್ಣದ ಫಿಲ್ಲಿಂಗ್ ಮೆಟೀರಿಯಲ್ ಆದ ಕಾಂಪೊಸಿಟ್‌ನಲ್ಲೇ ಕ್ಯಾಪ್ ಕಟ್ಟೋಣ ಅಂತಿದ್ದಾರೆ. ಗಟ್ಟಿ ಇರುತ್ತಾ, ಇಲ್ಲ ಪಿಂಗಾಣಿ ಥರದ ಜಿರ್ಕೋನಿಯಾ ಕ್ಯಾಪೇ ಹಾಕಿಸ್ಲಾ?

ಬರೀ ಮೆಟೀರಿಯಲ್ ಗಟ್ಟಿತನ ನೋಡಿದ್ರೆ ಜಿರ್ಕೋನಿಯಾನೇ ಗಟ್ಟಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮುಂದಿನ ಹಲ್ಲು ಹೋಗೋದು ಸಾಮಾನ್ಯವಾಗಿ ಕ್ಯಾಪ್ ಒಡೆದು ಅಲ್ಲ, ಕ್ಯಾಪ್ ಒಳಗಿರೋ ನಿಮ್ಮದೇ ಹಲ್ಲು ಒಸಡಿನ ಹತ್ರ ಮುರಿದು. ದವಡೆ ಹಲ್ಲಿಗೆ ಭಾರ ಮೇಲಿಂದ ನೇರ ಬೀಳುತ್ತೆ, ಮೇಲಿನ ಮುಂದಿನ ಹಲ್ಲಿಗೆ ಹಾಗಲ್ಲ, ಕೆಳಗಿನ ಹಲ್ಲು ಹಿಂದಿನಿಂದ ಓರೆಯಾಗಿ ಹೊರಗಡೆಗೆ ದಬ್ಬುತ್ತೆ, ನೆಟ್ಟ ಗೂಟನ ಪಕ್ಕದಿಂದ ಒದ್ದ ಹಾಗೆ, ಆ ಬಾಗೋ ಒತ್ತಡ ಎಲ್ಲಾ ಬಂದು ಕೂರೋದು ಒಸಡಿನ ಅಂಚಲ್ಲಿ.

ಅದಕ್ಕೆ ನಾನು ಮೊದಲು ನೋಡೋದು ಒಸಡಿನ ಮೇಲೆ ಸುತ್ತಲೂ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಅಂತ. ಬಡಗಿಯವರ ಉಳಿ ನೋಡಿದೀರಲ್ಲ, ಮರದ ಹಿಡಿ ಸೀಳಬಾರದು ಅಂತ ಒಂದು ಲೋಹದ ಬಳೆ ಬಿಗಿದಿರ್ತಾರೆ, ಕ್ಯಾಪ್ ಕೂಡ ಹಂಗೇ ಹಲ್ಲನ್ನ ಅಪ್ಪಿ ಹಿಡೀಬೇಕು, ಹಿಡಿಯೋಕೆ ಹಲ್ಲು ಬೇಕಲ್ವಾ. ಸುಮಾರು 2 ಮಿಲಿಮೀಟರ್ ಸಿಕ್ಕಿದ್ರೆ ನಂಗೆ ಧೈರ್ಯ. ಏನೂ ಉಳಿದಿಲ್ಲ ಅಂದ್ರೆ ಯಾವ ದುಬಾರಿ ಕ್ಯಾಪ್ ಹಾಕಿದ್ರೂ ಭಯ ಇದ್ದಿದ್ದೇ. ಇನ್ನೊಂದು ವಿಷ್ಯ, ರೂಟ್ ಕೆನಾಲ್ ಆದ್ರೆ ಹಲ್ಲು ಒಣಗಿ ಪುಡಿಪುಡಿ ಆಗುತ್ತೆ ಅಂತಾರಲ್ಲ, ಅದು ಅಷ್ಟು ನಿಜ ಅಲ್ಲ, ಹುಳುಕು ತಿಂದಿದ್ದು, ಏಟಿಗೆ ಮುರಿದಿದ್ದು, ನಾವು ಕೊರೆದಿದ್ದು, ಹೀಗೆ ಹಲ್ಲು ಕಮ್ಮಿ ಆಗಿದ್ದಕ್ಕೇ ಶಕ್ತಿ ಕಮ್ಮಿ ಆಗಿರೋದು. ಹಿಂದೆ ಒಂದು ಸಣ್ಣ ತೂತು ಬಿಟ್ರೆ ಉಳಿದಿದ್ದೆಲ್ಲ ಚೆನ್ನಾಗಿದ್ರೆ ಮುಂದಿನ ಹಲ್ಲಿಗೆ ಎಷ್ಟೋ ಸಲ ಕ್ಯಾಪೇ ಬೇಡ, ಫಿಲ್ಲಿಂಗ್ ಸಾಕು.

ಇನ್ನು ಫೈಬರ್ ಮಾಡೋ ಕೆಲಸ. ಹಳ್ಳೀಲಿ ಗೋಡೆ ಮಣ್ಣಿಗೆ ಹುಲ್ಲು ಕಲಸ್ತಿದ್ರಲ್ಲ, ಬಿರುಕು ಬಿಟ್ರೂ ಹುಲ್ಲು ಅಲ್ಲೇ ತಡೆದು ನಿಲ್ಲಿಸ್ತಿತ್ತು, ಇದೂ ಅದೇ ಲೆಕ್ಕ. ಗ್ಲಾಸ್ ಅಥವಾ ಪಾಲಿಎಥಿಲೀನ್ ಎಳೆ, ಅದಕ್ಕೆ ರೆಸಿನ್ ಅನ್ನೋ ಅಂಟು ದ್ರವ ಹೀರಿಸಿ ಲೈಟ್ ಹಿಡಿದು ಗಟ್ಟಿ ಮಾಡ್ತೀವಿ, ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ಪದರ, ಎಳೆ ಹೊರಗೆ ಕಾಣಿಸ್ಬಾರದು, ಕಂಡ್ರೆ ಅಲ್ಲಿ ಒರಟಾಗಿ ನೀರು, ಕಲೆ ಹಿಡಿಯುತ್ತೆ.

ನಂಗೆ ಫೈಬರ್ ಇಷ್ಟ ಆಗೋಕೆ ದೊಡ್ಡ ಕಾರಣ ಅದು ಮುರಿಯೋ ರೀತಿ. ಆಧಾರಕ್ಕೆ ಅಂತ ಬೇರೊಳಗೆ ಕೂರಿಸೋ ಕಡ್ಡಿಗೆ ಪೋಸ್ಟ್ ಅಂತೀವಿ, ಅದು ಸ್ಟೀಲಿಂದೂ ಇರುತ್ತೆ, ಫೈಬರಿಂದೂ ಇರುತ್ತೆ. ಹಲ್ಲಿನ ಒಳಪದರ ಡೆಂಟಿನ್‌ನ ಬಿಗಿತ ಸುಮಾರು 18 ಗಿಗಾಪಾಸ್ಕಲ್ (ಬಿಗಿತ ಅಳೆಯೋ ಮಾನ), ಸ್ಟೀಲಿಂದು 200ರ ಹತ್ರ, ಗ್ಲಾಸ್ ಫೈಬರ್ ಪೋಸ್ಟ್‌ದು 20ರಿಂದ 40ರ ಆಸುಪಾಸು. ಅಂದ್ರೆ ಹಲ್ಲು ಚೂರು ಬಾಗಿದ್ರೆ ಫೈಬರೂ ಜೊತೆಗೆ ಬಾಗುತ್ತೆ, ಸ್ಟೀಲ್ ಬಾಗಲ್ಲ, ಬೇರನ್ನೇ ಸೀಳುತ್ತೆ. ಒಬ್ಬ ಹುಡುಗ ಮೆಟಲ್ ಪೋಸ್ಟ್ ಇದ್ದ ಹಲ್ಲು ಅಲುಗಾಡ್ತಿದೆ ಅಂತ ಬಂದಿದ್ದ, ಒಸಡು ಸರಿಸಿ ನೋಡಿದ್ರೆ ಬೇರಿನ ಉದ್ದಕ್ಕೂ ಕೂದಲಿನಷ್ಟು ತೆಳು ಕಪ್ಪು ಗೆರೆ. ಕೀಳದೆ ಬೇರೆ ದಾರಿ ಇರ್ಲಿಲ್ಲ, ಅವತ್ತು ತುಂಬಾ ಬೇಜಾರಾಯ್ತು. ಫೈಬರ್ ಹಾಕಿದವರು ಬಂದಾಗ ಹೆಚ್ಚಾಗಿ ಅಂಟು ಬಿಟ್ಟಿರುತ್ತೆ, ಇಲ್ಲ ತುದಿ ಚಕ್ಕೆ ಎದ್ದಿರುತ್ತೆ, ಅದನ್ನ ಕೂತಲ್ಲೇ ಸರಿ ಮಾಡ್ಬಹುದು.

ಕೊರತೆನೂ ಹೇಳ್ಬೇಕು. ಪಿಂಗಾಣಿ ಥರ ಹೊಳಪು ಉಳಿಯಲ್ಲ, ಕಾಫಿ, ಎಲೆಅಡಿಕೆ ಕಲೆ ಬೇಗ ಹತ್ತುತ್ತೆ, ಆಗಾಗ ಪಾಲಿಶ್ ಮಾಡಿಸ್ಬೇಕು. ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ, ಕೆಳಗಿನ ಹಲ್ಲು ಮೇಲಿನದರ ಹಿಂದೆ ತುಂಬಾ ಒಳಕ್ಕೆ ಹೋಗೋ ಥರ ಕಚ್ಚುತ್ತಿದ್ರೆ, ನಾನು ಇದನ್ನ ಸುಲಭಕ್ಕೆ ಒಪ್ಪಲ್ಲ.

ನಿಮ್ಮ ಡಾಕ್ಟ್ರನ್ನ ನೇರ ಕೇಳಿ, ಒಸಡಿನ ಮೇಲೆ ಹಲ್ಲು ಎಷ್ಟು ಮಿಲಿಮೀಟರ್ ಉಳಿದಿದೆ ಅಂತ. ಸಾಕಷ್ಟಿದ್ರೆ ಧೈರ್ಯವಾಗಿ ಫೈಬರ್ ಹಾಕಿಸಿ. ಮುಂದೆ ಬೇಕನಿಸಿದ್ರೆ ಅದ್ರ ಮೇಲೆ ಜಿರ್ಕೋನಿಯಾ ಕೂರಿಸೋಕೂ ಅಡ್ಡಿ ಇಲ್ಲ. ಚಕ್ಕುಲಿ ಕೈಲಿ ಮುರಿದು ದವಡೆಗೆ ಹಾಕ್ಕೊಳ್ಳಿ. ಸಂಕ್ರಾಂತಿಗೆ ಕಬ್ಬಿನ ಸಿಪ್ಪೆ ಮಾತ್ರ ಆ ಹಲ್ಲಲ್ಲಿ ಸುಲೀಬೇಡಿ, ಚಾಕು ತಗೊಳ್ಳಿ.