ಆರೂವರೆ ಗೇರ್ ಬೇಕೆನ್ನುವ ಜಿಪ್ಸಿ ಮಾಲೀಕರಿಗೆ

ಮುಂಗಾರು ಹಿಡಿಯುವ ಮುಂಚಿನ ವಾರಗಳಲ್ಲಿ ನಮ್ಮ ಶೆಡ್ಡಿಗೆ ಜಿಪ್ಸಿ ತರುವವರದ್ದು ಹೆಚ್ಚುಕಡಿಮೆ ಒಂದೇ ರಾಗ. "ಗಾಡಿಗೆ ಪವರ್ ಸಾಲ್ತಿಲ್ಲ ಸಾರ್, ಟ್ರಾನ್ಸ್‌ಫರ್ ಕೇಸಿಗೆ ಆರೂವರೆ ಗೇರ್ ಹಾಕ್ಬಿಡಿ." ಈ ಕೇಸು ಅಂದರೆ ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಎರಡನೇ ಗೇರ್ ಪೆಟ್ಟಿಗೆ, ಆರೂವರೆ ಅಂದರೆ ಅದರ ಲೋ ಗೇರಿನ ಅನುಪಾತ 6.5ಕ್ಕೆ 1. 4.16ರ ಸೆಟ್ ಇದೆ, ನಿಮಗೆ ಅದು ಸಾಕು ಅಂದರೆ ಮುಖ ಸಣ್ಣದಾಗುತ್ತದೆ. ದುಡ್ಡು ಹೇಗೂ ಖರ್ಚಾಗುತ್ತೆ, ಹಾಕಿಸುವುದಾದರೆ ದೊಡ್ಡದೇ ಹಾಕಿಸೋಣ ಅನ್ನುವ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಪ್ರತಿಯೊಬ್ಬರಿಗೂ ಬಾನೆಟ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದು ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1.3 ಲೀಟರ್ ಎಂಜಿನ್ನಿನ ಜಿಪ್ಸಿಯಲ್ಲಿ ಫಸ್ಟ್ ಗೇರ್ 3.652. ಟ್ರಾನ್ಸ್‌ಫರ್ ಕೇಸಿನ ಹೈ (ಸಾಮಾನ್ಯ ರಸ್ತೆಗೆ) 1.409, ಲೋ (ಕಷ್ಟದ ದಾರಿಗೆ) 2.268. ಆಕ್ಸಲ್ ನಡುವಿನ ಡಿಫ್ ಹೌಸಿಂಗಿನಲ್ಲಿ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11, ಅಂದರೆ 3.727 ಅಂತ ಹಿಡಿಯಿರಿ. ನಿಮ್ಮ ಗಾಡಿಯದು ಬೇರೆ ಇರಬಹುದು. ಎರಡನೇ ಕೈ, ಮೂರನೇ ಕೈ ಗಾಡಿಗಳಲ್ಲಿ ಯಾರು ಯಾವಾಗ ಯಾವ ಹೌಸಿಂಗ್ ಕೂರಿಸಿದ್ದಾರೋ ದೇವರಿಗೇ ಗೊತ್ತು, ಹಾಗಾಗಿ ಬಿಚ್ಚಿ ಹಲ್ಲು ಎಣಿಸದೆ ನಾನು ಯಾರಿಗೂ ಮಾತು ಕೊಡುವುದಿಲ್ಲ. ಫಸ್ಟ್, ಲೋ, ಡಿಫ್ ಮೂರನ್ನೂ ಗುಣಿಸಿದರೆ ಸುಮಾರು 31. ಎಂಜಿನ್ 31 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 4.16 ಹಾಕಿದರೆ ಇದೇ 31 ಹೋಗಿ 56 ದಾಟುತ್ತದೆ. ಆರೂವರೆಗೆ 88.

ಈಗ "ಪವರ್" ವಿಷಯಕ್ಕೆ ಬರೋಣ. ಎಂಪಿಎಫ್‌ಐ ಜಿಪ್ಸಿಯ (ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವುದು) ಎಂಜಿನ್ 80 ಕುದುರೆ ಶಕ್ತಿಯದು. ಟ್ರಾನ್ಸ್‌ಫರ್ ಕೇಸಿಗೆ ಏನೇ ಹಾಕಿದರೂ ಅದು 80ಕ್ಕೆ 81 ಆಗುವುದಿಲ್ಲ. ಗೇರ್ ಮಾಡುವುದು ಸನ್ನೆಗೋಲಿನ ಕೆಲಸ, ವೇಗ ಕಳೆದು ಬಲ ಕೊಡುತ್ತದೆ. ಆ ಬಲವಾದರೂ ನಿಮಗೆ ಕಡಿಮೆ ಇದೆಯೇ? ಎಂಜಿನ್ನಿನ ಟಾರ್ಕ್ ಹೆಚ್ಚೆಂದರೆ 103 ನ್ಯೂಟನ್ ಮೀಟರ್. 31ರಿಂದ ಗುಣಿಸಿದರೆ, ನಡುವೆ ಪೋಲಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಚಕ್ರಗಳಿಗೆ ಸಿಗುವುದು 3,200ರ ಆಸುಪಾಸು. ಇಬ್ಬರು ಜನ, ಸಾಮಾನು ಎಲ್ಲ ಸೇರಿ ಗಾಡಿ 1,300 ಕೆಜಿ ಅನ್ನಿ. ಒದ್ದೆ ಕೆಮ್ಮಣ್ಣಿನಲ್ಲಿ ಟೈರಿನ ಹಿಡಿತ ತೂಕದ ಶೇ. 40 ಸಿಕ್ಕರೆ ಪುಣ್ಯ. ಆ ಹಿಡಿತದಲ್ಲಿ ನಾಲ್ಕೂ ಟೈರು ಸೇರಿ ನೆಲಕ್ಕೆ ಇಳಿಸಬಲ್ಲದ್ದು 1,700 ಅಷ್ಟೆ. ಉಳಿದದ್ದೆಲ್ಲ ಚಕ್ರ ಗಿರಗಿರ ತಿರುಗಿ ಕೆಸರು ಹಾರಿಸುವುದಕ್ಕೆ ಹೋಗುತ್ತದೆ. ಅಂದರೆ ಕಂಪನಿಯಿಂದ ಬಂದ ಲೋ ಗೇರಿನಲ್ಲೇ ಕೆಸರಿಗೆ ಬೇಕಾದ್ದಕ್ಕಿಂತ ಎರಡು ಪಾಲು ಹತ್ತಿರ ಬಲ ಇದೆ. ಚಕ್ರ ಸುತ್ತುತ್ತಾ ಗಾಡಿ ನಿಂತಲ್ಲೇ ಗುಂಡಿ ತೋಡುತ್ತಿದ್ದರೆ ನಿಮಗೆ ಬೇಕಾದ್ದು ಟೈರು, ಲಾಕರ್ (ಎಡ, ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಸಾಧನ) ಅಥವಾ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ).

"ಹಾಗಾದ್ರೆ ಲೋ ಗೇರ್ ಯಾಕೆ ಸಾರ್ ಬೇಕು?" ಅಂತ ಯಾರಾದರೂ ಕೇಳಿದರೆ ನನಗೆ ಖುಷಿ. ಆ 103 ಬರುವುದು 4,500 ಆರ್‌ಪಿಎಂನಲ್ಲಿ. ಬಂಡೆಗೆ ಚಕ್ರ ತಾಗಿಸಿ ನಿಂತಾಗ ಅಷ್ಟು ಆರ್‌ಪಿಎಂ ಏರಿಸಿದರೆ ಗಾಡಿ ಓಡಿಬಿಡುತ್ತದೆ, ಏರಿಸದಿದ್ದರೆ ಆಫ್ ಆಗುತ್ತದೆ. ಆಗ ಡ್ರೈವರ್ ಏನು ಮಾಡುತ್ತಾನೆ? ಹಾಫ್ ಕ್ಲಚ್. ಅಲ್ಲಿಂದ ವಾಸನೆ ಶುರು. ಸ್ಟಾಕ್ 205/70 ಆರ್15 ಟೈರಿನಲ್ಲಿ, ಐಡ್ಲಿಂಗ್ 800 ಇಟ್ಟು, ಆಕ್ಸಿಲರೇಟರ್ ಮುಟ್ಟದೆ ಫಸ್ಟ್ ಲೋದಲ್ಲಿ ಬಿಟ್ಟರೆ ಗಾಡಿ ಗಂಟೆಗೆ 3.3 ಕಿ.ಮೀ. ಹೋಗುತ್ತದೆ. ಮಟ್ಟಸ ರಸ್ತೆಯಲ್ಲಿ ಅದು ಮನುಷ್ಯನ ನಡಿಗೆಗಿಂತ ನಿಧಾನ, ಮೊಣಕಾಲುದ್ದದ ಕಲ್ಲಿನ ಮೇಲೆ ಅದೇ ವೇಗ ಜಾಸ್ತಿ. 4.16 ಹಾಕಿದರೆ 1.8ಕ್ಕೆ ಇಳಿಯುತ್ತದೆ. ಆರೂವರೆಯಲ್ಲಿ 1ಕ್ಕಿಂತ ಚೂರು ಮೇಲೆ. ಈ ಕೆಲಸಕ್ಕೆ ನೀವು ಕೊಡುವ ದುಡ್ಡೆಲ್ಲ ಈ ನಿಧಾನಕ್ಕೆ. ಗಂಟೆಗೆ 3.3 ಕಿ.ಮೀ. ನಿಮಗೆ ಎಲ್ಲೂ ಜಾಸ್ತಿ ಅನ್ನಿಸಿಲ್ಲ ಅಂದರೆ ನಿಮಗೆ ಈ ಹೊಸ ಲೋ ಗೇರ್ ಬೇಡವೇ ಬೇಡ.

ಸಕಲೇಶಪುರದ ಕಡೆಯ ಎಸ್ಟೇಟ್ ಮಾಲೀಕರೊಬ್ಬರು ಮಳೆಗಾಲಕ್ಕೊಂದು ಕ್ಲಚ್ ಪ್ಲೇಟ್ ಹಾಕಿಸುತ್ತಿದ್ದರು, ಪ್ರತಿ ಸಲವೂ ಬೈಗುಳ ಡ್ರೈವರಿಗೆ. ಆ ಡ್ರೈವರ್ ವಯಸ್ಸಾದ ಮನುಷ್ಯ, ಮಾತು ಕಡಿಮೆ, ತೋಟದ ಒಳಗಿನ ಕಲ್ಲು ದಾರಿಯಲ್ಲಿ ಕಾಫಿ ಮೂಟೆ ಸಾಗಿಸುವುದೇ ಕೆಲಸ. 4.16 ಹಾಕಿದ ಮೇಲೆ ಶೆಡ್ಡಿನ ಹಿಂದಿನ ಏರಿಗೆ ಕರೆದುಕೊಂಡು ಹೋಗಿ, "ಅಣ್ಣಾ, ಎರಡೂ ಕಾಲು ಎತ್ತಿ ಸೀಟಿನ ಹತ್ರ ಇಟ್ಕೊ" ಅಂದೆ. ಗಾಡಿ ತಾನೇ ಏರು ಹತ್ತಿತು, ಮಧ್ಯದ ಕಲ್ಲಿನ ಮೇಲೆ ಎಡಗಡೆ ಚಕ್ರ ಇಟ್ಟು, ಏರಿ, ಇಳಿದು ಮುಂದೆ ಹೋಯಿತು. ಆತ ಸ್ಟೀರಿಂಗ್ ಗಟ್ಟಿ ಹಿಡಿದುಕೊಂಡು ತನ್ನ ಕಾಲನ್ನೇ ನೋಡುತ್ತಿದ್ದ. "ಕಾಲಿಗೆ ಕೆಲ್ಸಾನೇ ಇಲ್ವಲ್ಲ ಸಾರ್!" ಅಂದ. ಇಷ್ಟು ಚೆನ್ನಾಗಿ ಲೋ ಗೇರನ್ನು ವಿವರಿಸಿದವರನ್ನು ನಾನು ಬೇರೆ ನೋಡಿಲ್ಲ. ಮಾಲೀಕರು ಡ್ರೈವರಿಗೆ ಬೈದದ್ದನ್ನು ವಾಪಸ್ ತಗೊಂಡರೋ ಇಲ್ಲವೋ ಗೊತ್ತಿಲ್ಲ. ತಗೊಂಡಿರಲಾರರು.

ಇಳಿಜಾರಿನಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಜಾರುವ ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಎಂಜಿನ್ನೇ ಹಿಡಿದು ಇಳಿಸಬೇಕು. ಕ್ಲಚ್ ಒತ್ತಿ ಇಳಿಸುವವರಿಗೆ ಯಾವ ಅನುಪಾತದ ಗೇರೂ ಸಹಾಯ ಮಾಡಲಾರದು.

ಹಾಗಾದರೆ ಆರೂವರೆ ಇನ್ನೂ ನಿಧಾನ, ಇನ್ನೂ ಒಳ್ಳೆಯದಲ್ಲವೇ? ಕೆಲವರಿಗೆ ಹೌದು, ಬಂಡೆಗಳ ಮೇಲೇ ದಿನಗಟ್ಟಲೆ ಆಡುವವರಿಗೆ. ಬಂಡೆ ಹತ್ತುವುದಕ್ಕೆಂದೇ ಮಾಡಿದ ಜೀಪ್ ರಾಂಗ್ಲರ್ ರುಬಿಕಾನ್‌ಗೆ ಕಂಪನಿ ಕೊಟ್ಟಿರುವುದು 4ಕ್ಕೆ 1. ಅದರ ಫಸ್ಟ್ ಗೇರ್ ಮತ್ತು ಡಿಫ್ ಎರಡೂ ತಗ್ಗು (ಅಂದರೆ ಅನುಪಾತದ ಅಂಕಿ ದೊಡ್ಡದು), ಒಟ್ಟು 77ರ ಸುಮಾರಿಗೆ ಬರುತ್ತದೆ, ನಿಜ. ಆದರೆ ಅದರ ಆಕ್ಸಲ್‌ಗಳ ಗಾತ್ರ ನೋಡಿ, ಆಮೇಲೆ ಜಿಪ್ಸಿಯ ಅಡಿಗೆ ಹೋಗಿ ಮಲಗಿ ನೋಡಿ.

ಸ್ಟಾಕ್ ಗಾಡಿಯಲ್ಲಿ ಚಕ್ರ ಎಲ್ಲಾದರೂ ಸಿಕ್ಕಿಕೊಂಡರೆ ಎಂಜಿನ್ ಆಫ್ ಆಗುತ್ತದೆ. ಅದು ಗಾಡಿ ಕೊಡುವ ಎಚ್ಚರಿಕೆ. ಆರೂವರೆಯಲ್ಲಿ ಎಂಜಿನ್ ಆಫ್ ಆಗುವುದಿಲ್ಲ, ತಿಣುಕುವುದೂ ಇಲ್ಲ, ಮುರಿಯುವುದು ಬೇರೇನೋ. ಬೆಂಗಳೂರಿನ ಹುಡುಗನೊಬ್ಬ ಬೇರೆಲ್ಲೋ ಆರೂವರೆ, 31 ಇಂಚಿನ ಟೈರು, ಮುಂದೆ ಲಾಕರ್ ಎಲ್ಲ ಒಟ್ಟಿಗೆ ಹಾಕಿಸಿದ್ದ. ಎರಡು ಕಲ್ಲಿನ ನಡುವೆ ಮುಂದಿನ ಚಕ್ರ ಸಿಕ್ಕಿಕೊಂಡಿತ್ತು, ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದ, ಆಕ್ಸಿಲರೇಟರ್ ಒತ್ತಿದ. ಗಾಡಿ ನಮ್ಮಲ್ಲಿಗೆ ಬಂದದ್ದು ಲಾರಿಯ ಮೇಲೆ. ಮುಂದಿನ ಬರ್ಫೀಲ್ಡ್ ಜಾಯಿಂಟಿನ (ಸ್ಟೀರಿಂಗ್ ತಿರುಗಿಸಿದಾಗಲೂ ಚಕ್ರಕ್ಕೆ ಬಲ ಮುಟ್ಟಿಸುವ ಕೀಲು) ಬೆಲ್ ಸೀಳಿ, ಒಳಗಿನ ಗೋಲಿಗಳು ಗ್ರೀಸಿನ ಜೊತೆ ನಕಲ್ ತುಂಬ ಬಿದ್ದಿದ್ದವು. "ಎಂಜಿನ್ ಸೌಂಡೇ ಮಾಡ್ಲಿಲ್ಲ ಅಂಕಲ್" ಅಂತ ಅವನ ದೂರು. ಅದೇ ಮಗಾ ವಿಷಯ.

ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಚಿಕ್ಕ ಶಾಫ್ಟಿಗೆ ಈ ಕೆಲಸದಿಂದ ಹೆಚ್ಚಿನ ಭಾರ ಬೀಳುವುದಿಲ್ಲ. ಅಲ್ಲಿಂದಾಚೆ ಇರುವ ಎಲ್ಲಕ್ಕೂ ಬೀಳುತ್ತದೆ: ಪ್ರೊಪೆಲ್ಲರ್ ಶಾಫ್ಟು, ಕ್ರೌನ್ ಪಿನಿಯನ್, ಆಕ್ಸಲ್. ಎಲ್ಲಕ್ಕಿಂತ ಮೊದಲು ಸೋಲುವುದು ಟ್ರಾನ್ಸ್‌ಫರ್ ಕೇಸನ್ನು ಚಾಸಿಗೆ ಹಿಡಿದಿರುವ ರಬ್ಬರ್ ಮೌಂಟುಗಳು. ಕೇಸು ತಿರುಚಿಕೊಳ್ಳಲು ನೋಡುತ್ತದೆ, ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಳ್ಳುತ್ತದೆ. ಮೌಂಟ್ ಗಟ್ಟಿ ಮಾಡಿಸದೆ ಗೇರ್ ಮಾತ್ರ ಹಾಕಿ ಅನ್ನುವವರ ಕೆಲಸ ನಾನು ಹಿಡಿಯುವುದಿಲ್ಲ.

ಇನ್ನು ಹೈವೇ. ಹೊಸ ಥಾರ್‌ನಲ್ಲಿ ಹೈ ಅಂದರೆ ನೇರ, 1ಕ್ಕೆ 1. ಜಿಪ್ಸಿಯಲ್ಲಿ ಹೈ ಕೂಡ ಕೌಂಟರ್ ಗೇರ್ (ನಡುವಿನ ಗೇರ್) ಮೂಲಕವೇ ಹಾದುಬರುತ್ತದೆ. ಆದ್ದರಿಂದ 4.16ರ ಸೆಟ್ ಹಾಕಿದರೆ ಹೈ ಕೂಡ ಸುಮಾರು ಶೇ. 12 ತಗ್ಗುತ್ತದೆ. ಟಾಪ್‌ನಲ್ಲಿ 80ಕ್ಕೆ 2,650 ಇದ್ದ ಆರ್‌ಪಿಎಂ 3,000ದ ಹತ್ತಿರ ಹೋಗುತ್ತದೆ. 31 ಇಂಚಿನ ಟೈರಿದ್ದರೆ ಇದು ವರವೇ, ಏಕೆಂದರೆ ಆ ಟೈರು ಸ್ಟಾಕ್‌ಗಿಂತ ಶೇ. 18ರಷ್ಟು ದೊಡ್ಡದು, ಕಳೆದುಕೊಂಡ ಪಿಕಪ್ ಬಹುಪಾಲು ವಾಪಸ್ ಬರುತ್ತದೆ. ಸ್ಟಾಕ್ ಟೈರಿನವರು ಬೆಂಗಳೂರಿಗೆ ಹೋಗಿಬರುವಾಗ ಕಿವಿ ಹಿಡಿದುಕೊಳ್ಳಬೇಕು. ಹಾಗಾಗಿ ಮೊದಲು ಟೈರ್ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಗೇರ್. ಟೈರು ಸ್ವಲ್ಪವೇ ದೊಡ್ಡದು ಮಾಡಿದವರಿಗೆ ಹಳೇ 1 ಲೀಟರ್ ಗಾಡಿಯ 1.580, 2.511ರ ಗೇರ್ ಸೆಟ್ ಸಿಕ್ಕರೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಗುಜರಿಯಲ್ಲಿ ತರುವುದಾದರೆ ಹಲ್ಲಿನ ಅಂಚು, ಬೇರಿಂಗ್ ಕೂರುವ ಜಾಗ ಬೆರಳಾಡಿಸಿ ನೋಡಿ ತನ್ನಿ. ಲೇತಿನಲ್ಲಿ ಹೊಸದಾಗಿ ಕಡಿಸಿ ತಂದ ಗೇರುಗಳ ಬಗ್ಗೆ ನಾನು ಏನೂ ಗ್ಯಾರಂಟಿ ಕೊಡಲಾರೆ. ಮೇಲ್ಮೈ ಸರಿಯಾಗಿ ಹದ ಮಾಡಿರದಿದ್ದರೆ ಮೊದಲ ಎಣ್ಣೆ ಬದಲಿಸುವಾಗಲೇ ಡ್ರೈನ್ ಪ್ಲಗ್ಗಿನಲ್ಲಿ ಕಬ್ಬಿಣದ ಚೂರು ಸಿಗುತ್ತದೆ. ಒಂದು ಲೀಟರಿಗೂ ಕಡಿಮೆ ಎಣ್ಣೆ ಹಿಡಿಯುವ ಕೇಸು ಅದು, ಎಣ್ಣೆಯಲ್ಲಿ ಜಿಪುಣತನ ಬೇಡ.

ಕಾನೂನಿನ ಮಾತು ನನ್ನ ಕಸುಬಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆಯ ಬಗ್ಗೆ ಇದೆ. ಟೈರು, ಎತ್ತರ ಎಲ್ಲ ಬದಲಿಸುವವರು ಮೊದಲೇ ಆರ್‌ಟಿಓದಲ್ಲಿ ವಿಚಾರಿಸಿ, ಇನ್ಶೂರೆನ್ಸಿನವರಿಗೂ ತಿಳಿಸಿ.

ಗಾಡಿ ತಗೊಂಡು ಹೋದ ಮೇಲೆ ಬರುವ ಫೋನಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. "ಗೇರ್ ಹಾಕಿದ್ಮೇಲೆ ಮೀಟರ್ ತಪ್ಪು ತೋರಿಸ್ತಿದೆ ಸಾರ್." ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಕಡೆಯಿಂದ, ಗೇರ್ ಬದಲಿಸಿದ್ದು ಅದಕ್ಕೂ ಮೊದಲಿನ ಜಾಗದಲ್ಲಿ. ಮೀಟರ್ ಕೆಡಿಸಿದ್ದು ನಿಮ್ಮ 31 ಇಂಚಿನ ಟೈರು. 80 ತೋರಿಸುವಾಗ ನೀವು 94ರಲ್ಲಿದ್ದೀರಿ.