ಕಡಿತಕ್ಕೆ ಎಲ್ಲರೂ ಹೂಂ, ಯಾವುದಕ್ಕೆ ಅಂದ ಕೂಡಲೇ ಉಹೂಂ

2013ರ ಜುಲೈ 31. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಸಾರಿಗೆ ಮತ್ತು ವಸತಿ ಇಲಾಖೆಗಳ ಅನುದಾನ ಮಸೂದೆ ಚರ್ಚೆಯಲ್ಲಿತ್ತು. ಮೊತ್ತ ಸುಮಾರು 4,400 ಕೋಟಿ ಡಾಲರ್. ಖರ್ಚು ತಗ್ಗಿಸಿ ಎಂದು ವರ್ಷಗಟ್ಟಲೆ ಪಟ್ಟು ಹಿಡಿದಿದ್ದ ರಿಪಬ್ಲಿಕನ್ನರಿಗೇ ಅಲ್ಲಿ ಬಹುಮತ. ಆದರೂ ಮಸೂದೆಯನ್ನು ಅರ್ಧದಲ್ಲೇ ವಾಪಸ್ ತೆಗೆದುಕೊಂಡರು. ಕೆಲವರಿಗೆ ಕಡಿತ ಸಾಲದು, ಕೆಲವರಿಗೆ ಜಾಸ್ತಿ. ಮರುದಿನ ಸೆನೆಟ್‌ನಲ್ಲಿ 5,400 ಕೋಟಿ ಡಾಲರಿನ ಮಸೂದೆ ಬಂತು. ಮುಂದೆ ಸಾಗಲು 60 ಮತ ಬೇಕಿತ್ತು, ಸಿಕ್ಕಿದ್ದು 54. ಅಲ್ಲಿ ಕಡಿತ ಸೋತಿತ್ತು, ಇಲ್ಲಿ ಖರ್ಚೂ ಸೋತಿತು.

ರಸ್ತೆಗೂ ಬಡವರ ಬಾಡಿಗೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಕಡತದ್ದು. ವಸತಿ ಇಲಾಖೆ 1965ರಲ್ಲಿ ಹುಟ್ಟಿತು, ಸಾರಿಗೆ ಇಲಾಖೆಗೆ 1966ರಲ್ಲಿ ಕಾನೂನಾಯಿತು. ಎರಡೂ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದವು. ಮುಂದೆ ಎರಡರ ಹಣವೂ ಸಂಸತ್ತಿನ ಒಂದೇ ಉಪಸಮಿತಿಯ ಕೈಗೆ ಬಂತು. ಹಾಗಾಗಿ ಕಡಿತ ಬೇಕೆನ್ನುವ ಸಂಘಟನೆಗಳಿಗೆ ಪ್ರತಿವರ್ಷ ಒಂದೇ ಗುರಿ ಸಿಗುತ್ತದೆ. ಈ ಮಸೂದೆಗೆ 'ಬೇಡ' ಎಂದು ಮತ ಹಾಕಿ, ನಿಮ್ಮ ಮತವನ್ನು ನಾವು ಸಂಸದರಿಗೆ ಅಂಕ ಕೊಡುವ ಪಟ್ಟಿಗೆ ಸೇರಿಸುತ್ತೇವೆ ಎಂದು ಸಂಸದರಿಗೆ ಪತ್ರ ಹೋಗುತ್ತದೆ. ಮನವಿ ಅನ್ನಿ, ಬೆದರಿಕೆ ಅನ್ನಿ.

ಕೇಂದ್ರದ ಈ ಖರ್ಚು ತಗ್ಗಬೇಕು ಎಂಬ ಆ ಸಂಘಟನೆಗಳ ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾನೂನಿಗೆ ಸಹಿ ಹಾಕಿದಾಗ ಲೆಕ್ಕ ಸರಳವಾಗಿತ್ತು. ವಾಹನ ಓಡಿಸುವವರು ಪೆಟ್ರೋಲ್ ತೆರಿಗೆ ಕೊಡಬೇಕು, ಅದು ಹೆದ್ದಾರಿ ನಿಧಿಗೆ ಸೇರಬೇಕು, ಅದರಿಂದಲೇ ರಸ್ತೆ ಆಗಬೇಕು. ಆದರೆ ತೆರಿಗೆ 1993ರಲ್ಲಿ ಗ್ಯಾಲನ್ನಿಗೆ 18.4 ಸೆಂಟ್‌ಗೆ ಬಂದು ಅಲ್ಲೇ ನಿಂತಿತು. ಖರ್ಚು ನಿಲ್ಲಲಿಲ್ಲ. 2008ರಿಂದ ಸಾಮಾನ್ಯ ಖಜಾನೆಯ ಹಣ ಸುರಿದು ನಿಧಿಯನ್ನು ಉಳಿಸಬೇಕಾಯಿತು. ಹೆದ್ದಾರಿಗಳೆಲ್ಲ ಆದವಲ್ಲ, ಇನ್ನು ರಾಜ್ಯಗಳೇ ನೋಡಿಕೊಳ್ಳಲಿ ಎಂದು 2013ರಲ್ಲಿ ಸೆನೆಟರ್ ಮೈಕ್ ಲೀ ಒಂದು ಮಸೂದೆಯನ್ನೇ ತಂದರು. ಕೇಂದ್ರದ ತೆರಿಗೆಯನ್ನು 3.7 ಸೆಂಟ್‌ಗೆ ಇಳಿಸುವ ಯೋಜನೆ ಅದು.

ಇನ್ನು ಅಲಾಸ್ಕದ ಕೆಚಿಕನ್ ಊರಿನ ಸೇತುವೆ ಕಥೆ. ಎದುರಿನ ಗ್ರವೀನಾ ದ್ವೀಪದಲ್ಲಿ ವಿಮಾನ ನಿಲ್ದಾಣವಿದೆ, ಜನ ಸುಮಾರು 50. ಕೆಲವೇ ನಿಮಿಷದಲ್ಲಿ ದಾಟಿಸುವ ದೋಣಿಯೂ ಇದೆ. ಅಲ್ಲಿಗೆ ಸೇತುವೆ ಕಟ್ಟಲು 2005ರಲ್ಲಿ 22 ಕೋಟಿ ಡಾಲರಿಗೂ ಹೆಚ್ಚು ಹಣ ಇಟ್ಟರು! ಆ ಹಣವನ್ನು ಚಂಡಮಾರುತದಲ್ಲಿ ಹಾಳಾದ ಲೂಸಿಯಾನದ ಸೇತುವೆಗೆ ಕೊಡಿ ಎಂದು ಸೆನೆಟರ್ ಟಾಮ್ ಕೋಬರ್ನ್ ಕೇಳಿದರು. ಹಾಗೇನಾದರೂ ಮಾಡಿದರೆ ರಾಜೀನಾಮೆ ಕೊಡುತ್ತೇನೆ ಎಂದು ಅಲಾಸ್ಕದ ಟೆಡ್ ಸ್ಟೀವನ್ಸ್ ಗುಡುಗಿದರು. ಕೋಬರ್ನ್ ಪರ ಬಿದ್ದದ್ದು 15 ಮತ, ವಿರುದ್ಧ 82. ಇವತ್ತು ನಿನ್ನ ಸೇತುವೆ ಕಿತ್ತರೆ ನಾಳೆ ನನ್ನದು, ಅಲ್ವಾ? ಸೇತುವೆ ಕೊನೆಗೂ ಆಗಲಿಲ್ಲ, ಆ ಮಾತು ಬೇರೆ.

ವಸತಿಯ ಕಥೆಗೆ ಇನ್ನೊಂದು ಮುಖ. ಪ್ರತಿ ಕುಟುಂಬಕ್ಕೂ ಒಳ್ಳೆಯ ಮನೆ ಎಂದು 1949ರ ಕಾನೂನು ಗುರಿ ಹಾಕಿಕೊಂಡಿತು. ಸೇಂಟ್ ಲೂಯಿಸ್‌ನಲ್ಲಿ 'ಪ್ರೂಯಿಟ್-ಐಗೋ' ಎಂಬ ಸರ್ಕಾರಿ ವಸತಿ ಸಮುಚ್ಚಯ ಎದ್ದು ನಿಂತಿತು. 11 ಮಹಡಿಯ 33 ಕಟ್ಟಡಗಳು. ಲಿಫ್ಟ್ ಮಾತ್ರ 1, 4, 7 ಮತ್ತು 10ನೇ ಮಹಡಿಯಲ್ಲಷ್ಟೇ ನಿಲ್ಲುತ್ತಿತ್ತು. ಉಳಿದವರು ಮೆಟ್ಟಿಲು ಹತ್ತಬೇಕು, ಇಳಿಯಬೇಕು. ಕಟ್ಟಲು ಕೇಂದ್ರದ ಹಣವಿತ್ತು, ನಿರ್ವಹಣೆಗೆ ಬಡವರ ಬಾಡಿಗೆಯೇ ಗತಿ. 1972ರಲ್ಲಿ ಕೆಡವಲು ಶುರು ಮಾಡಿದರು. ಸರ್ಕಾರ ಮನೆ ಕಟ್ಟಿದರೆ ಹೀಗೇ ಎಂದು ಒಂದು ಗುಂಪು ಆ ಚಿತ್ರ ತೋರಿಸುತ್ತದೆ. ನನಗೆ ಅದರಲ್ಲಿ ಜಿಪುಣತನದ ಫಲವೂ ಕಾಣುತ್ತದೆ.

1973ರ ಜನವರಿಯಲ್ಲಿ ನಿಕ್ಸನ್ ಹೊಸ ವಸತಿ ಸಬ್ಸಿಡಿಗಳನ್ನು ತಡೆಹಿಡಿದರು. ಮರುವರ್ಷ ಬಂದದ್ದು 'ಸೆಕ್ಷನ್ 8' ಬಾಡಿಗೆ ನೆರವು. ರೇಗನ್ ಕಾಲದಲ್ಲಿ ವಸತಿಗೆ ಭಾರೀ ಕತ್ತರಿ ಬಿತ್ತು. ಅದೇ ರೇಗನ್ 1982-83ರಲ್ಲಿ ರಸ್ತೆಗಾಗಿ ಪೆಟ್ರೋಲ್ ತೆರಿಗೆಯನ್ನು 5 ಸೆಂಟ್ ಏರಿಸಿದರು!

ಕತ್ತರಿ ಎಲ್ಲಿ ನಿಲ್ಲುತ್ತದೆ ಅನ್ನೋದಕ್ಕೆ 2013ರ ಏಪ್ರಿಲ್ ನೋಡಿ. ಬಹುತೇಕ ಎಲ್ಲ ಇಲಾಖೆಗೂ ತಾನಾಗಿಯೇ ಬೀಳುವ ಕಡಿತ ಜಾರಿಗೆ ಬಂದಿತ್ತು. ವಿಮಾನ ಸಂಚಾರ ನಿಯಂತ್ರಕರನ್ನು ಸಂಬಳವಿಲ್ಲದ ರಜೆಗೆ ಕಳಿಸಿದರು, ವಿಮಾನಗಳು ತಡವಾದವು. ಒಂದೇ ವಾರದಲ್ಲಿ ಸಂಸತ್ತು ಆ ಕಡಿತವನ್ನು ಸರಿಪಡಿಸಿತು. ಬಾಡಿಗೆ ನೆರವಿಗೂ ಕತ್ತರಿ ಬಿದ್ದಿತ್ತು. ಅದಕ್ಕೆ ಆ ವಾರ ಯಾವ ತಿದ್ದುಪಡಿಯೂ ಬರಲಿಲ್ಲ.