ವಿಡಿಯೊ ತೆಗೆದಿದ್ದಾರೆ ಅಂದ್ರೆ ಅದರಲ್ಲಿ ನಿಜ ಇತ್ತು ಅಂತಾನಾ?

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಇಂಜೆಕ್ಷನ್‌ನಿಂದ ಮಕ್ಕಳಿಗೆ ಆಟಿಸಂ ಬರುತ್ತೆ ಅಂತ ಒಂದು ವಿಡಿಯೊ ನೋಡಿದ್ದೆ. ಮನೆಯವರಿಗೆ ತೋರಿಸೋಣ ಅಂತ ಹುಡುಕಿದರೆ ಯೂಟ್ಯೂಬ್‌ನವರು ತೆಗೆದುಹಾಕಿದ್ದಾರೆ. ಸುಳ್ಳಾಗಿದ್ದರೆ ಸುಮ್ನೆ ಬಿಡಬಹುದಿತ್ತಲ್ವಾ? ಏನೋ ಮುಚ್ಚಿಡುತ್ತಿದ್ದಾರಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಇಲ್ಲ. ಆದರೆ ನಿಮಗೆ ಅನುಮಾನ ಬಂದದ್ದಕ್ಕೆ ಕಾರಣ ಇದೆ. ತೆಗೆದ ವಿಡಿಯೊ ಜಾಗದಲ್ಲಿ ಏನು ಕಾಣುತ್ತದೆ ಹೇಳಿ? ಖಾಲಿ ಪರದೆ, ನಿಯಮ ಮೀರಿದ್ದಕ್ಕೆ ತೆಗೆದಿದ್ದೇವೆ ಅನ್ನೋ ಒಂದು ಸಾಲು. ಅದರಲ್ಲಿ ಯಾವ ಮಾತು ತಪ್ಪು, ಯಾಕೆ ತಪ್ಪು ಅಂತ ಯಾರೂ ಹೇಳುವುದಿಲ್ಲ.

ಆಟಿಸಂ ಕಥೆಯ ಮೂಲ ನೋಡಿ. 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಜೊತೆಗಾರರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ದಡಾರವೂ ಸೇರಿ ಮೂರು ಕಾಯಿಲೆಗಳಿಗೆ ಹಾಕುವ ಲಸಿಕೆಗೂ ಆಟಿಸಂಗೂ ನಂಟಿರಬಹುದು ಅನ್ನೋ ಅನುಮಾನ ಎತ್ತಿ ಒಂದು ಲೇಖನ ಬರೆದರು. ನೋಡಿದ್ದು ಬರೀ 12 ಮಕ್ಕಳನ್ನು. 2010ರಲ್ಲಿ ಪತ್ರಿಕೆ ಅದನ್ನು ಹಿಂದಕ್ಕೆ ಪಡೆಯಿತು. ಹಾಗಂತ ಲೇಖನ ಮಾಯವಾಗಲಿಲ್ಲ. ಈಗಲೂ ತೆಗೆದು ಓದಬಹುದು, ‘ಹಿಂಪಡೆಯಲಾಗಿದೆ’ ಅನ್ನೋ ಮುದ್ರೆ ಅದರ ಮೇಲೇ ಇದೆ. ಯಾಕೆ ಹಿಂಪಡೆದರು ಅನ್ನೋದೂ ಬಹಿರಂಗವಾಗಿದೆ. ಆಮೇಲೆ ಡೆನ್ಮಾರ್ಕಿನವರು 6,57,461 ಮಕ್ಕಳ ದಾಖಲೆ ಪರಿಶೀಲಿಸಿ, 2019ರಲ್ಲಿ ಆ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ ಅಂದರು. ಯೂಟ್ಯೂಬ್ ವಿಡಿಯೊ ತೆಗೆದಿದ್ದಕ್ಕಲ್ಲ, ಇದಕ್ಕೆ ನಾನು ಆ ಮಾತನ್ನು ಸುಳ್ಳು ಅನ್ನೋದು.

ಕಂಪನಿಗಳ ನಿಯಮವೇ ವಿಜ್ಞಾನ ಅಂದುಕೊಂಡರೆ ಕೆಟ್ಟೆವು. ಕೊರೊನಾ ವೈರಸ್ ಮನುಷ್ಯರೇ ಮಾಡಿದ್ದು ಅನ್ನೋ ಪೋಸ್ಟ್‌ಗಳನ್ನು ಫೇಸ್‌ಬುಕ್ 2021ರ ಫೆಬ್ರುವರಿಯಿಂದ ತೆಗೆಯತೊಡಗಿತು. ಮೇ ತಿಂಗಳಲ್ಲಿ ಆ ನಿಯಮವನ್ನೇ ಕೈಬಿಟ್ಟಿತು. ಲಸಿಕೆ ಬಗ್ಗೆ ಸುಳ್ಳು ಹೇಳುವ ವಿಡಿಯೊಗಳಿಗೆ ಯೂಟ್ಯೂಬ್ 2021ರ ಸೆಪ್ಟೆಂಬರಿನಲ್ಲಿ ನಿಯಮ ಬಿಗಿ ಮಾಡಿತು. ಮರುವರ್ಷ ನವೆಂಬರಿನಲ್ಲಿ ಟ್ವಿಟರ್ ಕೋವಿಡ್ ಸುಳ್ಳುಗಳ ಮೇಲಿನ ನಿಯಮ ಜಾರಿ ಮಾಡುವುದನ್ನೇ ನಿಲ್ಲಿಸಿತು. ಗಾಳಿ ಬಂದ ಕಡೆ ತೂರಿಕೊಳ್ಳುವವರು, ಅಷ್ಟೇ. ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಕೂಡ 2022ರಲ್ಲಿ, ಸುಮ್ನೆ ತೆಗೆದುಹಾಕಿದರೆ ಜನರ ಅಪನಂಬಿಕೆ ಹೆಚ್ಚಬಹುದು ಅಂತ ಎಚ್ಚರಿಸಿತ್ತು. ನನಗೂ ಅದೇ ಸರಿ ಅನಿಸುತ್ತದೆ. ವಿಡಿಯೊ ಇರಲಿ, ಉತ್ತರ ಅದರ ಪಕ್ಕದಲ್ಲೇ ಇರಲಿ.

ಅಲ್ಲದೆ, ತೆಗೆದರೆ ಹೋಗುತ್ತದೆಯೇ? 2017ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವದಂತಿ ಓಡಾಡಿದ್ದು ವಾಟ್ಸಾಪಿನಲ್ಲಿ. ಅಲ್ಲಿನ ಮೆಸೇಜನ್ನು ಕಂಪನಿಯೇ ಓದಲಾರದು.

‘ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತೆ ಅನ್ನೋದನ್ನ ಮುಚ್ಚಿಟ್ಟಿರಲಿಲ್ವಾ’ ಅಂತ ನೀವು ಕೇಳಬಹುದು. 2024ರಲ್ಲಿ ಹೊಸ ಸುದ್ದಿಯಂತೆ ಹರಿದಾಡಿತು, ನಿಜ. ಆದರೆ 2021ರ ಮೇನಲ್ಲೇ ಕೇಂದ್ರ ಸರ್ಕಾರ, ಅಂಥ 26 ಸಂಭವನೀಯ ಪ್ರಕರಣ ಸಿಕ್ಕಿವೆ, 10 ಲಕ್ಷ ಡೋಸಿಗೆ 0.61 ಅಂತ ಪ್ರಕಟಿಸಿತ್ತು. ಹೇಳಿದ್ದರು, ಆದರೆ ಹಳ್ಳಿಗೆ ಮುಟ್ಟುವ ಹಾಗೆ ಹೇಳಲಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಹಾಕಿಸಿ. ದಡಾರ ಬಂದರೆ ನ್ಯುಮೋನಿಯಾ ಆಗಬಹುದು, ಕಣ್ಣಿಗೂ ಕುತ್ತು. ಲಸಿಕೆಯಿಂದ ಸಾಮಾನ್ಯವಾಗಿ ಆಗುವುದು ಸಣ್ಣ ಜ್ವರ, ಕೆಲವರಿಗೆ ಗುಳ್ಳೆ. ಅಂಗನವಾಡಿಗೆ ತಾಯಿ ಕಾರ್ಡ್ ಒಯ್ಯಿರಿ. ನಮ್ಮ ಕಡೆಯ ಬಿಸಿಲಿಗೆ ಲಸಿಕೆ ಕೆಟ್ಟಿದೆಯೋ ಏನೋ ಅನ್ನೋ ಭಯ ಇದ್ದರೆ, ಬಾಟಲಿ ತೆರೆಯುವ ಮೊದಲು ತೋರಿಸಿ ಅನ್ನಿ, ಸಂಕೋಚ ಬೇಡ. ಅದರ ಮೇಲೊಂದು ಸಣ್ಣ ವೃತ್ತ, ಒಳಗೊಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ. ಅಷ್ಟೇ ಗಾಢವಾಗಿದ್ದರೆ ಆ ಬಾಟಲಿ ಬಳಸುವಂತಿಲ್ಲ. ತೆರೆದ ಬಾಟಲಿ ನಾಲ್ಕು ಗಂಟೆ ಮಾತ್ರ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮನೆಗೆ ಬಂದ ಮೇಲೆ ಏನಾದರೂ ಹೆಚ್ಚುಕಮ್ಮಿ ಅನಿಸಿದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಪಿ.ಎಚ್.ಸಿ.ಗೆ ಒಯ್ದು ಬರೆಸಿ. ಅಡ್ಡಪರಿಣಾಮ ದಾಖಲಿಸುವುದು ಅವರ ಕೆಲಸ.